ಒಂದೇ ಬಾತ್‌ರೂಮ್ ಇದ್ದ ಮನೆಯಲ್ಲಿ ಕೊರೋನಾ ಹೇಗೆ ನಿಭಾಯಿಸಿದಿರಿ?

ಶ್ರೀನಗರದ ಸೊಸೆ:

ಹೋದ ವಾರ ಅತ್ತೆಗೆ ಜ್ವರ ಬಂತು. ಮಾಮೂಲಿ ಜ್ವರವೇ. ಆದರೂ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಎಲ್ಲಿದೆ ಅಂತ ಇಡೀ ಮನೆ ಹುಡುಕಿದೆವು. ಕೊನೆಗೆ ಶೋಕೇಸಿನ ಡ್ರಾದಲ್ಲಿ, ಹಳೇ ಕರೆಂಟ್ ಬಿಲ್ಲುಗಳ ಕೆಳಗೆ ಸಿಕ್ಕಿತು. ಒಳಗಿದ್ದ ಸೆಲ್ ಸೋರಿ ಬಿಳಿ ಪುಡಿ ಕಟ್ಟಿಕೊಂಡಿತ್ತು, ಸ್ಪ್ರಿಂಗ್ ಹಸಿರು ತಿರುಗಿತ್ತು. 2021ರಲ್ಲಿ ಮೂರು ಮೆಡಿಕಲ್ ಶಾಪ್ ಅಲೆದು, ಕೇಳಿದಷ್ಟು ದುಡ್ಡು ಕೊಟ್ಟು ತಂದಿದ್ದು ಇದು. ಇನ್ನೂ ತಮಾಷೆ ಅಂದರೆ, ಎಷ್ಟಕ್ಕೆ ಇಳಿದರೆ ಗಾಬರಿಯಾಗಬೇಕು ಅಂತ ಮನೆಯಲ್ಲಿ ಒಬ್ಬರಿಗೂ ನೆನಪಿಲ್ಲ. ಗಂಡ 90 ಅಂದರು, ಮಗಳು 85 ಅಂದಳು.

ಅದಕ್ಕೇ ಈ ಎಳೆ. ಆಗಿನ ಹೋಮ್ ಐಸೊಲೇಷನ್ ನಿಯಮದಲ್ಲಿ ಗಾಳಿಯಾಡುವ ಬೇರೆ ಕೋಣೆ, ಸಾಧ್ಯವಾದರೆ ಅದಕ್ಕೇ ಸೇರಿದ ಟಾಯ್ಲೆಟ್ ಇರಲಿ ಅಂತಿತ್ತು. ನಮ್ಮ ಕಡೆ, ಬೆಂಗಳೂರಿನ ಶ್ರೀನಗರ, ಹನುಮಂತನಗರ, ಗವಿಪುರದಲ್ಲಿ, ಇಪ್ಪತ್ತಡಿಗೆ ಮೂವತ್ತಡಿ ಸೈಟಿನ ಮೇಲೆ ಮೂರು ಮಹಡಿ ಎಬ್ಬಿಸಿ ಮಹಡಿಗೆ ಎರಡು ಬಾಡಿಗೆ ಮನೆ ಮಾಡಿರುತ್ತಾರೆ. ಹಾಲ್ ಅಂದರೂ ಅದೇ, ಬೆಡ್‌ರೂಮ್ ಅಂದರೂ ಅದೇ. ಬೇರೆ ಕೋಣೆ ಎಲ್ಲಿಂದ ತರೋದು?

ನಮ್ಮ ಮನೆ ಕಥೆ ಮೊದಲು ಹೇಳುತ್ತೇನೆ. 2021ರ ಮೇ. ಮೊದಲು ಬಂದಿದ್ದು ಗಂಡನಿಗೆ. ಅತ್ತೆಗೆ ಅರವತ್ತು ದಾಟಿದೆ, ಶುಗರ್ ಇದೆ. ಟೆರೇಸಿನ ಮೇಲೆ ಸಿಂಟೆಕ್ಸ್ ಪಕ್ಕ ಓನರ್ ಹಳೇ ಸಾಮಾನು ಹಾಕುತ್ತಿದ್ದ ಶೀಟಿನ ರೂಮ್ ಇತ್ತು. ಕೇಳಿದ ತಕ್ಷಣ ಬೀಗದ ಕೈ ಕೊಟ್ಟರು, ಅವರ ಹೊಟ್ಟೆ ತಣ್ಣಗಿರಲಿ. ಗಂಡ ಅಲ್ಲಿಗೆ ಹೋದರು. ಮಧ್ಯಾಹ್ನ ಶೀಟು ಕಾದರೆ ಒಳಗೆ ಕೂರೋಕೆ ಆಗದು, ಚಾಪೆ ಎತ್ತಿಕೊಂಡು ಟ್ಯಾಂಕಿನ ನೆರಳಿಗೆ ಬರುತ್ತಿದ್ದರು. ಊಟದ ತಟ್ಟೆ ಮೆಟ್ಟಿಲ ಮೇಲಿಟ್ಟು, ಒಂದು ಕೂಗು ಹಾಕಿ ನಾನು ಕೆಳಗೆ ಇಳಿದುಬಿಡುತ್ತಿದ್ದೆ.

ಟಾಯ್ಲೆಟ್ ಮಾತ್ರ ಒಂದೇ, ಕೆಳಗೆ, ಅಡುಗೆಮನೆ ಪಕ್ಕ. ಅದಕ್ಕೆ ಪಾಳಿ ಮಾಡಿದೆವು. ಬೆಳಿಗ್ಗೆ ನಾವೆಲ್ಲ ಸ್ನಾನ ಮುಗಿಸಿದ ಮೇಲೆ ಅವರು. ಅವರು ಬರುವಾಗ ಹಾಲ್‌ನಲ್ಲಿ ಯಾರೂ ಇರಬಾರದು. ಹೋದ ಮೇಲೆ ಬಾತ್‌ರೂಮಿನ ಗಾಜಿನ ಪಟ್ಟಿಗಳನ್ನೆಲ್ಲ ತೆಗೆದು, ಬಾಗಿಲು ಹಾಕಿ, ಅರ್ಧ ಗಂಟೆ ಯಾರೂ ಕಾಲಿಡುವ ಹಾಗಿಲ್ಲ. ಬ್ರಷ್ಷು, ಪೇಸ್ಟು, ಟವೆಲ್ಲು ಅವರ ಹತ್ತಿರವೇ ಮೇಲೆ.

ಅತ್ತೆಗೆ ಬರಲಿಲ್ಲ, ನನಗೆ ಬಂತು. ಅತ್ತೆಗೆ ಅಷ್ಟು ಹೊತ್ತಿಗೆ ಒಂದು ಡೋಸ್ ಆಗಿತ್ತು, ಅದರ ಪುಣ್ಯವೂ ಇರಬಹುದು.

ನೀವು ಹೇಗೆ ಮಾಡಿದಿರಿ ಬರೆಯಿರಿ. ಕಷಾಯದ ರೆಸಿಪಿ ಬೇಡ, ಅದು ಎಲ್ಲರ ಮನೆಯಲ್ಲೂ ಇದೆ. ಆಸ್ಪತ್ರೆಗಳ ಹೆಸರು ಹಿಡಿದು ಜಗಳವೂ ಬೇಡ, ಹಿಂದಿನ ಎಳೆಗೆ ಬೀಗ ಬಿದ್ದಿದ್ದೇ ಅದರಿಂದ.

ವಠಾರದ ಹುಡುಗ:

ಮೇಡಂ, ನಿಮ್ಮದು ಮನೆಗೊಂದು ಬಾತ್‌ರೂಮ್. ನಾವು ಚಾಮರಾಜಪೇಟೆ ವಠಾರ. ಆರು ಸಂಸಾರಕ್ಕೆ ಎರಡು ಕಕ್ಕಸು, ಒಂದು ಬಚ್ಚಲು.

2020ರ ಜುಲೈ ಕೊನೆಯಲ್ಲಿ ಕೊನೇ ಮನೆಯ ಅಂಕಲ್‌ಗೆ ಪಾಸಿಟಿವ್ ಬಂತು. ಕೆಮ್ಮೂ ಇರಲಿಲ್ಲ ಅವರಿಗೆ. ಸೈರನ್ ಹಾಕಿಕೊಂಡು ಆಂಬುಲೆನ್ಸ್ ಬಂತು. ಅಂಕಲ್ ಶರ್ಟ್ ಬದಲಾಯಿಸಿ, ತಲೆ ಬಾಚಿ, ನಡೆದುಕೊಂಡೇ ಹೋಗಿ ಹತ್ತಿದರು. ಬೀದಿಗೆ ಬೀದಿಯೇ ಮಹಡಿ ಮೇಲೆ ನಿಂತು ವಿಡಿಯೋ ಮಾಡಿತು. ತುಮಕೂರು ರಸ್ತೆಯ ಎಕ್ಸಿಬಿಷನ್ ಸೆಂಟರ್‌ನಲ್ಲಿ ಹತ್ತು ಸಾವಿರ ಹಾಸಿಗೆ ಹಾಕುತ್ತೇವೆ ಅಂದಿದ್ದರಲ್ಲ, ಅಲ್ಲಿಗೆ ಕರೆದುಕೊಂಡು ಹೋದರು. ಇಲ್ಲಿ ಗೇಟಿಗೆ ಬೊಂಬು ಕಟ್ಟಿ, ಸೀಲ್ ಡೌನ್ ಅಂತ ಬ್ಯಾನರ್ ಹಾಕಿ ಹೋದರು. ಹೊರಗಿನವರಿಗೆ ನಮ್ಮಿಂದ ರಕ್ಷಣೆ ಆಯಿತು. ಒಳಗೆ ಆರು ಸಂಸಾರ ಅದೇ ಎರಡು ಕಕ್ಕಸಿಗೆ ಸಾಲು ನಿಲ್ಲುತ್ತಿದ್ದೆವು.

ಅಲ್ಲಿ ನಮ್ಮನ್ನು ಉಳಿಸಿದ್ದು ಓನರ್ ಅಜ್ಜಿ. ಸ್ಕೂಲಿನ ಮುಖ ನೋಡಿದವರಲ್ಲ. ಬಚ್ಚಲ ಗೋಡೆ ಮೇಲೆ ಸುಣ್ಣದ ಕಡ್ಡಿಯಲ್ಲಿ ಮನೆಗೊಂದು ಗೆರೆ ಎಳೆದರು. ಐದಕ್ಕೆ ಮೊದಲ ಮನೆ, ಐದೂಮುಕ್ಕಾಲಿಗೆ ಎರಡನೇ ಮನೆ, ಹೀಗೆ. ನಡುವೆ ಯಾರೂ ಹೋಗಬಾರದು, ಬಾಗಿಲು ಹಾರು ಹೊಡೆದಿರಬೇಕು. ಅಂಕಲ್ ಮನೆಯವರಿಗೆ ಒಂದು ಕಕ್ಕಸು ಪೂರ್ತಿ ಬಿಟ್ಟುಕೊಟ್ಟರು, ಉಳಿದ ಐದು ಮನೆಗೆ ಇನ್ನೊಂದು. ಅವರ ಬಕೆಟ್ಟಿಗೆ ಕೆಂಪು ದಾರ ಕಟ್ಟಿದರು. ಗೊಣಗಿದವರೆಲ್ಲ ಅಜ್ಜಿ ಬಾಯಿಗೆ ಹೆದರಿ ಸುಮ್ಮನಾದರು.

ಇನ್ನೊಂದು ಮಾತು ಹೇಳಲೇಬೇಕು. 2020ರಲ್ಲಿ ಏನೂ ಆಗದ ಅಂಕಲ್‌ಗೆ ಸೈರನ್ ಹಾಕಿಕೊಂಡು ಬಂದರು. ಮಾರನೇ ವರ್ಷ ಏಪ್ರಿಲ್‌ನಲ್ಲಿ ಪಕ್ಕದ ಬೀದಿಯ ಆಂಟಿ ಉಸಿರಿಗೆ ಒದ್ದಾಡುವಾಗ ಫೋನ್ ಎತ್ತುವವರೂ ಇರಲಿಲ್ಲ.

ನೈಟ್ ಡ್ಯೂಟಿ ಸಿಸ್ಟರ್:

ಸೊಸೆಯವರೇ, ನಂಬರ್ 94. ಅದನ್ನು ಫ್ರಿಜ್ ಮೇಲೆ ಬರೆದು ಅಂಟಿಸಿ. ಅದರ ಕೆಳಗೆ ನಿಂತರೆ ಡಾಕ್ಟರಿಗೆ ಫೋನ್ ಮಾಡಬೇಕು, 90ರ ಕೆಳಗೆ ಅಂದರೆ ಚಪ್ಪಲಿ ಹುಡುಕುವ ಹೊತ್ತೂ ಇಲ್ಲ. ಮೊದಲಿಂದ ಶ್ವಾಸಕೋಶದ ಕಾಯಿಲೆ ಇರುವವರಿಗೆ ಲೆಕ್ಕ ಬೇರೆ, ಅವರ ಡಾಕ್ಟರ್ ಹೇಳಿರುತ್ತಾರೆ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿದ್ದೆ, ಎರಡೂ ಅಲೆ ನೋಡಿದ್ದೇನೆ. ಆಕ್ಸಿಮೀಟರ್ ಹಾಕೋದನ್ನು ಎಷ್ಟೋ ಜನಕ್ಕೆ ಯಾರೂ ಹೇಳಿಕೊಡಲೇ ಇಲ್ಲ. ಮೆಟ್ಟಿಲು ಹತ್ತಿ ಬಂದ ತಕ್ಷಣ ಬೆರಳು ಸಿಕ್ಕಿಸುತ್ತಾರೆ. ಐದು ನಿಮಿಷ ಸುಮ್ನೆ ಕೂರಬೇಕು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ನೇಲ್ ಪಾಲಿಶ್ ಇರಬಾರದು, ಗಾಢವಾದ ಮೆಹೆಂದಿಯೂ ತೊಂದರೆ ಕೊಡುತ್ತದೆ. ಹಾಕಿದ ಮೇಲೆ ನಂಬರ್ ಕುಣಿಯುತ್ತದೆ, ನಿಲ್ಲುವವರೆಗೆ ಕಾಯಬೇಕು. ಆಮೇಲೆ ಟೈಮ್ ಸಮೇತ ಬರೆಯಬೇಕು. ಬರೆಯೋದು ತುಂಬಾ ಮುಖ್ಯ. ಬೆಳಿಗ್ಗೆ 97, ಮಧ್ಯಾಹ್ನ 96, ರಾತ್ರಿ 95 ಅಂತ ಚೀಟಿಯಲ್ಲಿ ಇದ್ದರೆ ನಮಗೆ ಕಥೆ ಅರ್ಥವಾಗುತ್ತದೆ. ಬರೀ 95 ಅಂದರೆ ಏನೂ ಗೊತ್ತಾಗಲ್ಲ.

ನಮ್ಮನ್ನು ಹೆದರಿಸಿದ್ದು ಚೆನ್ನಾಗಿ ಮಾತಾಡುವ ರೋಗಿಗಳು. ನಂಬರ್ 82 ತೋರಿಸುತ್ತಿದೆ, ಅವರು ಫೋನಿನಲ್ಲಿ ಮಗನಿಗೆ ಹಾಲಿನ ಬಾಕಿ ಎಷ್ಟು ಕೊಡಬೇಕು ಅಂತ ಲೆಕ್ಕ ಹೇಳುತ್ತಿದ್ದಾರೆ. ಏನಾಗ್ತಿದೆ ಅಂದರೆ "ಏನಿಲ್ಲ ಸಿಸ್ಟರ್, ಸ್ವಲ್ಪ ಸುಸ್ತು" ಅನ್ನುತ್ತಾರೆ. ಈ ಕಾಯಿಲೆಯಲ್ಲಿ ಏದುಸಿರು ತಡವಾಗಿ ಶುರುವಾಗುತ್ತಿತ್ತು, ಆಮ್ಲಜನಕ ಅದಕ್ಕೂ ಮೊದಲೇ ಇಳಿದಿರುತ್ತಿತ್ತು. ಅದಕ್ಕೇ ಆರು ನಿಮಿಷ ನಡೆಸಿ ಮತ್ತೆ ನೋಡಿ ಅನ್ನುತ್ತಿದ್ದಿದ್ದು. ನಡೆದ ಮೇಲೆ ನಂಬರ್ ಗಣನೀಯವಾಗಿ ಇಳಿದರೆ ಒಳಗೆ ಏನೋ ಆಗ್ತಿದೆ ಅಂತ. ತೀರಾ ವಯಸ್ಸಾದವರನ್ನು, ಕೂತಲ್ಲೇ 94ಕ್ಕಿಂತ ಕಮ್ಮಿ ಇರುವವರನ್ನು ನಡೆಸಬಾರದು.

ಬೋರಲು ಮಲಗಿಸೋದು ನಿಜವಾಗಿ ಕೆಲಸ ಮಾಡಿತು. ಎದೆ ಕೆಳಗೆ ಒಂದು ದಿಂಬು, ಸೊಂಟದ ಕೆಳಗೆ ಒಂದು, ಕಾಲ ಕೆಳಗೆ ಒಂದು. ಶ್ವಾಸಕೋಶದ ಜಾಸ್ತಿ ಭಾಗ ಬೆನ್ನಿನ ಕಡೆಗಿದೆ, ಬೋರಲಾದರೆ ಆ ಭಾಗ ತೆರೆದುಕೊಳ್ಳುತ್ತದೆ. ಬೆಡ್ ಸಿಗುವವರೆಗೆ ಎಷ್ಟೋ ಜನ ಹಾಗೇ ಮಲಗಿ ಕಾದರು. ಗರ್ಭಿಣಿಯರಿಗೆ ಬೇಡ.

ಸುಮ್ನೆ ಭಯ:

ಎಲ್ಲ ಓವರ್ ಆಯ್ತು ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಐದು ಜನಕ್ಕೂ ಬಂತು, ಮೆಣಸಿನ ಸಾರು, ಡೋಲೋ, ಮುಗೀತು. ಟಿವಿಯವರು ಹೆದರಿಸಿದ್ದೇ ಜಾಸ್ತಿ.

ನೈಟ್ ಡ್ಯೂಟಿ ಸಿಸ್ಟರ್:

ಹೆಚ್ಚಿನವರಿಗೆ ಮೆಣಸಿನ ಸಾರು, ಡೋಲೋದಲ್ಲೇ ಮುಗೀತು ಸಾರ್, ಅದು ನಿಜ. ಯಾರಿಗೆ ಮುಗಿಯಲ್ಲ ಅಂತ ಮೊದಲ ದಿನ ಹಣೆ ಮೇಲೆ ಬರೆದಿರಲಿಲ್ಲ, ಅದೇ ತೊಂದರೆ. ಟಿವಿ ವಿಷಯದಲ್ಲಿ ನಿಮ್ಮ ಜೊತೆ ಜಗಳ ಇಲ್ಲ.

ಸ್ಟಿರಾಯ್ಡ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಡೆಕ್ಸಾಮೆಥಾಸೋನ್ ಅಗ್ಗದ ಮಾತ್ರೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅನ್ನುವ ಔಷಧ ಪ್ರಯೋಗದ ಫಲಿತಾಂಶ ಬಂತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಸುಮಾರು ಮೂರನೇ ಒಂದರಷ್ಟು ಕಮ್ಮಿ, ಆಕ್ಸಿಜನ್ ಮೇಲಿದ್ದವರಲ್ಲಿ ಐದನೇ ಒಂದರಷ್ಟು ಕಮ್ಮಿ. ಆಕ್ಸಿಜನ್ ಬೇಡದವರಿಗೆ ಏನೂ ಲಾಭ ಇಲ್ಲ. ಈ ಕೊನೇ ಸಾಲು ವಾಟ್ಸಾಪಿಗೆ ಬರುವ ಹೊತ್ತಿಗೆ ಉದುರಿಹೋಗಿತ್ತು. ಯಾರದೋ ಪ್ರಿಸ್ಕ್ರಿಪ್ಷನ್ ಫೋಟೋ ತೋರಿಸಿ ಜ್ವರ ಬಂದ ಎರಡನೇ ದಿನಕ್ಕೇ ನುಂಗಿದರು. ಶುಗರ್ ಇದ್ದವರಿಗೆ 400, 500 ದಾಟಿತು. ಆ ಮೇಲೆ ಬ್ಲ್ಯಾಕ್ ಫಂಗಸ್ ಬಂದಾಗ ನಮ್ಮ ವಾರ್ಡಿನಲ್ಲಿ ಕಂಡವರಲ್ಲಿ ಹೆಚ್ಚಿನವರು ಶುಗರ್ ಇದ್ದವರೇ.

ಆಟೋ ಅಣ್ಣ:

ಜೆ.ಪಿ. ನಗರ ಕಡೆ ಓಡಿಸುತ್ತೇನೆ. ನನಗೆ ಬರೆಯೋದು ಅಭ್ಯಾಸ ಇಲ್ಲ, ಮಗಳು ಟೈಪ್ ಮಾಡುತ್ತಿದ್ದಾಳೆ.

ಆಟೋದಲ್ಲಿ ಹಿಂದೆ ಮುಂದೆ ಪ್ಲಾಸ್ಟಿಕ್ ಶೀಟ್ ಹಾಕಿಸಿದ್ದೆ. ಎರಡು ಕಡೆ ತೆರೆದ ಗಾಡಿ, ಗಾಳಿ ಆಡುತ್ತದೆ, ಅದೇ ಒಳ್ಳೆಯದು ಅಂತ ಒಬ್ಬ ಡಾಕ್ಟರ್ ಪ್ಯಾಸೆಂಜರ್ ಹೇಳಿದರು. ಮಳೆಗೂ ಸೈಡ್ ಟಾರ್ಪಲ್ ಬಿಡಲಿಲ್ಲ, ನೆನೆದರೂ ಪರವಾಗಿಲ್ಲ ಅಂತ.

2021ರ ಮೇ ಮೊದಲ ವಾರ. ಆ ವಾರವೇ ರಾಜ್ಯದಲ್ಲಿ ಒಂದೇ ದಿನ 50 ಸಾವಿರ ಕೇಸ್ ದಾಟಿದ್ದು, ಬೆಂಗಳೂರಲ್ಲೇ 23 ಸಾವಿರ. ಒಂದು ರಾತ್ರಿ ಪುಟ್ಟೇನಹಳ್ಳಿ ಹತ್ತಿರ ಅಪ್ಪ ಮಗ ಕೈ ಅಡ್ಡ ಹಾಕಿದರು. ಆಂಬುಲೆನ್ಸ್‌ನವನು ಕೇಳಿದ ರೇಟು ಅವರ ಹತ್ತಿರ ಇರಲಿಲ್ಲ. ಮಗ ಚಿಕ್ಕ ಸಿಲಿಂಡರ್ ಕಾಲ ಸಂದಿಯಲ್ಲಿ ಇಟ್ಟುಕೊಂಡಿದ್ದ. ಅದರ ತಲೆಯ ಮೇಲೆ ನೀರಿನ ಡಬ್ಬಿ, ಗುಳುಗುಳು ಅಂತ ಗುಳ್ಳೆ ಬರುತ್ತಿತ್ತು. ಹಂಪ್ ಹತ್ತಿಸಿದಾಗಲೆಲ್ಲ ಗುಳ್ಳೆ ನಿಂತಿತೇನೋ ಅಂತ ಬಗ್ಗಿ ನೋಡುವನು. ನಾನು ಕನ್ನಡಿಯಲ್ಲಿ ಅವನನ್ನು ನೋಡುವೆ.

ಹೋದ ಕಡೆಯೆಲ್ಲ ಒಂದೇ ಪ್ರಶ್ನೆ, "ಬಿಯು ನಂಬರ್ ಬಂತಾ?" ಟೆಸ್ಟ್ ಕೊಟ್ಟು ದಿನಗಳಾಗಿತ್ತು, ಸ್ಯಾಂಪಲ್ಲಿನ ಎಸ್‌ಆರ್‌ಎಫ್ ನಂಬರ್ ಇತ್ತು, ಪಾಸಿಟಿವ್ ಆದ ರೋಗಿಗೆ ಕೊಡುತ್ತಿದ್ದ ಬಿಯು ನಂಬರ್ ಬಂದಿರಲಿಲ್ಲ. ಅದು ಇಲ್ಲದೆ ಸರ್ಕಾರಿ ಕೋಟಾ ಬೆಡ್ ಇಲ್ಲ. ಮಗ ಬೆಡ್ ಸಹಾಯವಾಣಿ 1912ಕ್ಕೆ ಫೋನ್ ಮಾಡುತ್ತಲೇ ಇದ್ದ, ಮ್ಯೂಸಿಕ್ ಬರುತ್ತಲೇ ಇತ್ತು. ಬನ್ನೇರುಘಟ್ಟ ರಸ್ತೆ, ಜಯನಗರ, ಕೊನೆಗೆ ಕೆ.ಆರ್. ಮಾರ್ಕೆಟ್ ಕಡೆ. ಬೆಳಗಿನ ಜಾವ ಒಂದು ಕಡೆ ಸ್ಟ್ರೆಚರ್ ಮೇಲೆ ಹಾಕಿಕೊಂಡರು. ಸಿಲಿಂಡರ್ ಮುಳ್ಳು ಕೆಂಪಿಗೆ ಬಂದಿತ್ತು. ಆ ಅಪ್ಪ ಬದುಕಿದರು. ದೀಪಾವಳಿಗೆ ಫೋನ್ ಮಾಡಿ ಕರೆದಿದ್ದರು.

ನನಗೂ ಆಮೇಲೆ ಜ್ವರ ಬಂತು. ಮನೆಗೆ ಹೋಗಲಿಲ್ಲ, ನಿಲ್ಲಿಸಿದ ಆಟೋದಲ್ಲೇ ಮಲಗುತ್ತಿದ್ದೆ. ಕಾಲು ನೀಡೋಕೆ ಆಗಲ್ಲ, ಆದರೆ ಮನೆ ಒಂದೇ ರೂಮು, ಮೂರು ಮಕ್ಕಳು. ಪೊಲೀಸರು ಒಮ್ಮೆ ಎಬ್ಬಿಸಿದರು, ಪಾಸಿಟಿವ್ ಅಂದ ತಕ್ಷಣ ಹೊರಟುಹೋದರು.

ಪೀಣ್ಯ ಎಂಜಿನಿಯರ್:

ಅಣ್ಣ, ನಿಮ್ಮ ಡಾಕ್ಟರ್ ಪ್ಯಾಸೆಂಜರ್ ಹೇಳಿದ್ದು ಈ ಎಳೆಯಲ್ಲೇ ಮುಖ್ಯವಾದ ಮಾತು. ಮೊದಲ ವರ್ಷ ಪೂರ್ತಿ ನಾವು ತಪ್ಪು ಜಾಗದಲ್ಲಿ ಉಜ್ಜುತ್ತಾ ಕೂತಿದ್ದೆವು. ಸೊಪ್ಪಿಗೆ ಅಡುಗೆ ಸೋಡಾ, ಹಾಲಿನ ಪ್ಯಾಕೆಟ್ಟಿಗೆ ಸೋಪು, ನೋಟಿಗೆ ಇಸ್ತ್ರಿ. ರೋಗ ಹರಡುತ್ತಿದ್ದದ್ದು ಹೆಚ್ಚಾಗಿ ಉಸಿರಿನಿಂದ, ಮುಚ್ಚಿದ ಕೋಣೆಯಲ್ಲಿ. ಕೈ ತೊಳೆಯಿರಿ, ಬೇಡ ಅನ್ನಲ್ಲ. ಅದಕ್ಕಿಂತ ಕಿಟಕಿ ತೆಗೆಯೋದು ಮುಖ್ಯವಾಗಿತ್ತು.

ಒಂದೇ ರೂಮಿನ ಮನೆಗೆ ನನ್ನ ಸಲಹೆ ಇದು, ನಮ್ಮ ಮನೆಯಲ್ಲೂ ಮಾಡಿದ್ದು. ರೋಗಿ ಇರುವ ಕಡೆಯ ಕಿಟಕಿಗೆ ಟೇಬಲ್ ಫ್ಯಾನ್ ಇಟ್ಟು ಅದರ ಮುಖ ಹೊರಗೆ ತಿರುಗಿಸಿ. ಒಳಗಿನ ಗಾಳಿಯನ್ನು ಅದು ಹೊರಗೆ ತಳ್ಳುತ್ತದೆ, ಬಾಗಿಲ ಸಂದಿಯಿಂದ ಮನೆಯ ಗಾಳಿ ರೋಗಿಯ ಕಡೆಗೆ ಹೋಗುತ್ತದೆ. ಮುಖ ಒಳಗೆ ತಿರುಗಿಸಿದರೆ ಉಲ್ಟಾ, ಅವರ ಉಸಿರೆಲ್ಲ ಹಾಲ್‌ಗೆ. ಊದುಬತ್ತಿ ಹಚ್ಚಿ ಬಾಗಿಲ ಸಂದಿಯಲ್ಲಿ ಹಿಡಿಯಿರಿ, ಹೊಗೆ ಯಾವ ಕಡೆ ವಾಲುತ್ತದೆ ಅಂತ ಕಾಣುತ್ತದೆ. ನಮ್ಮಮ್ಮನಿಗೆ ನನ್ನ ಮಾತಿನ ಮೇಲೆ ನಂಬಿಕೆ ಬಂದಿದ್ದು ಆ ಹೊಗೆ ನೋಡಿದ ಮೇಲೇ. ಬಾತ್‌ರೂಮ್ ಎಕ್ಸಾಸ್ಟ್ ಇದ್ದರೆ ಆಫ್ ಮಾಡಲೇಬೇಡಿ.

ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರಲ್ಲ. ಅದೇ ಗಾಳಿಯನ್ನು ತಣ್ಣಗೆ ಮಾಡಿ ಸುತ್ತಿಸುತ್ತದೆ. ಹೊರ ವರ್ತುಲ ರಸ್ತೆಯ ಗಾಜಿನ ಆಫೀಸುಗಳಲ್ಲಿ ಕಿಟಕಿಯೇ ತೆರೆಯಲ್ಲ, ಮೀಟಿಂಗ್ ರೂಮಿನಲ್ಲಿ ಹತ್ತು ಜನ. ಫ್ಲೂ ಕಾಲದಲ್ಲಿ ಒಬ್ಬ ಕೆಮ್ಮಿದರೆ ವಾರದೊಳಗೆ ಟೀಮೇ ರಜೆ.

ಸಿಲಿಂಡರ್ ಲೆಕ್ಕವೂ ಗೊತ್ತಿರಲಿ. ಆಗ ಮನೆಗೆ ತರುತ್ತಿದ್ದ ಬಿ ಟೈಪ್ ಸಿಲಿಂಡರಿನ ಹೊಟ್ಟೆ 10 ಲೀಟರ್. 150 ಬಾರ್ ತುಂಬಿದ್ದರೆ 1500 ಲೀಟರ್ ಆಕ್ಸಿಜನ್. ನಿಮಿಷಕ್ಕೆ 5 ಲೀಟರ್ ಬಿಟ್ಟರೆ 300 ನಿಮಿಷ, ಅಂದರೆ ಐದು ಗಂಟೆ. ಹತ್ತು ಲೀಟರ್ ಬಿಟ್ಟರೆ ಎರಡೂವರೆ. ಮುಳ್ಳು 75ಕ್ಕೆ ಬಂದಾಗ ಅರ್ಧ ಖಾಲಿ. ಆ ಹುಡುಗನಿಗೆ ಯಾರಾದರೂ ಈ ಲೆಕ್ಕ ಹೇಳಿದ್ದರೆ ಗುಳ್ಳೆ ನೋಡಿಕೊಂಡು ಕೂರಬೇಕಿರಲಿಲ್ಲ.

ಕಾನ್ಸಂಟ್ರೇಟರ್ ಬೇರೆ, ಅದು ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸುವ ಮಷೀನ್. ಗಾಳಿಯಲ್ಲಿ ನೈಟ್ರೋಜನ್ 78 ಭಾಗ, ಆಕ್ಸಿಜನ್ 21. ಒಳಗಿನ ಜಿಯೋಲೈಟ್ ಕಾಳು ನೈಟ್ರೋಜನ್ ಹಿಡಿದುಕೊಂಡು ಉಳಿದದ್ದನ್ನು ಬಿಡುತ್ತದೆ. ತುಂಬಿಸೋದು ಬೇಡ, ಆದರೆ ಕರೆಂಟ್ ಬೇಕೇ ಬೇಕು, 300ರಿಂದ 400 ವ್ಯಾಟ್. ಮಳೆಗಾಲ ಶುರುವಿನಲ್ಲಿ ನಮ್ಮೂರ ಕರೆಂಟ್ ಗೊತ್ತಲ್ಲ, ಒಂದು ಗುಡುಗಿಗೆ ಹೋಗುತ್ತದೆ. ಮನೆ ಯುಪಿಎಸ್ ಬ್ಯಾಟರಿ 150 ಆಂಪಿಯರ್ ಅವರ್ ಆದರೆ ಕಾಗದದ ಮೇಲೆ ಐದು ಗಂಟೆ ಬರುತ್ತದೆ. ಹಳೇ ಬ್ಯಾಟರಿ ಅಷ್ಟು ಎಳೆಯಲ್ಲ.

ಶ್ರೀನಗರದ ಸೊಸೆ:

ಊದುಬತ್ತಿ ಐಡಿಯಾ ಬಹಳ ಚೆನ್ನಾಗಿದೆ. ಈಗಲೇ ನೋಡಿದೆ, ನಮ್ಮ ಬಾತ್‌ರೂಮಿನ ಗಾಳಿ ನೇರ ಅಡುಗೆಮನೆಗೇ ಬರುತ್ತದೆ. ಮನೆ ಕಟ್ಟಿದ ಪುಣ್ಯಾತ್ಮ ಯಾರೋ.

ಕುಮಾರಸ್ವಾಮಿ ಲೇಔಟ್:

ಅಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೆಲಸ ಮಾಡುತ್ತಾರೆ. ಇಲ್ಲಿ ಎಲ್ಲರೂ ಮನೆ ಒಳಗೆ ಹೇಗೆ ಉಳಿದೆವು ಅಂತ ಬರೆಯುತ್ತಿದ್ದೀರಿ. ಹೊರಗೆ ಹೋಗಲೇಬೇಕಾದವರ ಮಾತೂ ಸ್ವಲ್ಪ ಇರಲಿ.

2020ರ ಮಾರ್ಚ್ ಕೊನೆಗೆ ಗೇಟಿನಲ್ಲೇ ವಾಪಸ್ ಕಳಿಸಿದರು. ಎರಡು ಮನೆಯವರು ಕೂರಿಸಿಯೇ ಸಂಬಳ ಕೊಟ್ಟರು, ಉಳಿದವರು ಫೋನ್ ಎತ್ತಲಿಲ್ಲ. ಮತ್ತೆ ಕರೆದಾಗ ಕೆಲಸದವರಿಗೆ ಬೇರೆ ಲಿಫ್ಟ್, ಜ್ವರ ನೋಡುವ ಗನ್ ಹಣೆಗೆ. ಆ ಮನೆಗಳವರೇ ಊರು ಸುತ್ತಿ ಬಂದರೆ ಯಾರೂ ಗನ್ ಹಿಡಿಯುತ್ತಿರಲಿಲ್ಲ. ಅಮ್ಮನಿಗೆ ಬಂದಿದ್ದು ಅಂಥ ಒಂದು ಮನೆಯಿಂದಲೇ. ಒಳಗೆ ಇಬ್ಬರಿಗೆ ಜ್ವರ ಇತ್ತು, ಹೇಳದೆ ಪಾತ್ರೆ ತೊಳೆಸಿಕೊಂಡರು.

2021ರ ಲಾಕ್‌ಡೌನ್‌ನಲ್ಲಿ ಅಂಗಡಿ ಬೆಳಿಗ್ಗೆ 6ರಿಂದ 10 ಮಾತ್ರ ಅಂದರು. ದಿನವಿಡೀ ಹಂಚಿಹೋಗುತ್ತಿದ್ದ ಜನ ನಾಲ್ಕೇ ಗಂಟೆಯಲ್ಲಿ ನುಗ್ಗಿದರು. ನಮ್ಮ ಏರಿಯಾ ರೇಷನ್ ಅಂಗಡಿ ಮುಂದೆ ಬಿಳಿ ಬಣ್ಣದಲ್ಲಿ ವೃತ್ತ ಬರೆದಿದ್ದರು, ಒಂದೊಂದು ವೃತ್ತದಲ್ಲಿ ನಾಲ್ಕು ಜನ. ಗಾಳಿಯ ಸರ್ ಇದಕ್ಕೆ ಏನಂತಾರೆ?

ಪೀಣ್ಯ ಎಂಜಿನಿಯರ್:

ಏನೂ ಅನ್ನಲ್ಲ ತಂಗಿ. ಅಂಗಡಿ ಇಡೀ ದಿನ ತೆಗೆದಿದ್ದರೆ ಗುಂಪು ಕಮ್ಮಿ ಇರುತ್ತಿತ್ತು. ಬೇರೆ ಲಿಫ್ಟ್ ವಿಷಯ ಓದಿ ನಾಚಿಕೆ ಆಯಿತು, ನಮ್ಮ ಅಪಾರ್ಟ್‌ಮೆಂಟಿನಲ್ಲೂ ಆ ಬೋರ್ಡ್ ಇತ್ತು.

ಮಾಗಡಿ ಕಡೆಯವನು:

ಲಸಿಕೆ ವಿಷಯ ಯಾರೂ ಎತ್ತಲೇ ಇಲ್ಲ. ನಾನು ಎತ್ತುತ್ತೇನೆ. 18 ದಾಟಿದವರಿಗೆ ಮೇ 1ರಿಂದ ಅಂದರು. ನಮ್ಮ ರಾಜ್ಯದ ಸರ್ಕಾರಿ ಕೇಂದ್ರಗಳಲ್ಲಿ ಶುರುವಾಗಿದ್ದು 10ಕ್ಕೆ, ನಾಲ್ಕು ದಿನಕ್ಕೆ ಸ್ಟಾಕ್ ಇಲ್ಲ ಅಂತ ನಿಂತಿತು. ಆ ನಾಲ್ಕು ದಿನ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಮುಂದೆ ಬರೀ ಬೆಂಗಳೂರಿನ ಕಾರು. ಕೋವಿನ್‌ನಲ್ಲಿ ಸ್ಲಾಟ್ ಬಿಟ್ಟ ಸೆಕೆಂಡಿನಲ್ಲಿ ನಿಮ್ಮವರು ಒತ್ತಿಬಿಡುತ್ತಿದ್ದರು. ನಮ್ಮ ಹಳ್ಳಿಯವರಿಗೆ ಓಟಿಪಿ ಬರುವಷ್ಟು ಸಿಗ್ನಲ್ಲೇ ಇಲ್ಲ.

ಶ್ರೀನಗರದ ಸೊಸೆ:

ಆ ಕಾರುಗಳಲ್ಲಿ ನನ್ನ ತಮ್ಮನದೂ ಒಂದು ಇತ್ತು ಅಣ್ಣಾ. ಅವನಿಗೆ ಇಲ್ಲಿ ಸ್ಲಾಟೇ ಸಿಗಲಿಲ್ಲ.

ಮಾಗಡಿ ಕಡೆಯವನು:

ತಮ್ಮನ ಮೇಲೆ ಕೋಪ ಇಲ್ಲ ಬಿಡಿ. ನಮ್ಮ ಆಶಾ ಕಾರ್ಯಕರ್ತೆ ಆಮೇಲೆ ಮನೆ ಮನೆಗೆ ಬಂದು ಹೆಸರು ಬರೆದುಕೊಂಡು ಹೋದಳು. ಅವಳು ಮಾಡಿದ ಕೆಲಸವನ್ನು ಯಾವ ಆ್ಯಪೂ ಮಾಡಲಿಲ್ಲ.

ಇಂಗಿನ ಡಬ್ಬಿ:

ನನ್ನದು ಬೇರೆ ತರದ ಅಪಾಯ. ಜ್ವರ ಎಲ್ಲ ಇಳಿದ ಮೇಲೆ ವಾಸನೆ ಹೋಯಿತು. ಒಗ್ಗರಣೆಗೆ ಇಂಗು ಹಾಕಿದರೆ ಚಟಪಟ ಸದ್ದು ಮಾತ್ರ. ತಮಾಷೆ ಮಾಡಿಕೊಂಡು ಇದ್ದೆವು, ಗಂಡ ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿಯುವುದು, ನಾನು ಏನಿದು ಅನ್ನುವುದು.

ಒಂದು ಸಂಜೆ ಹಾಲು ಉಕ್ಕಿ ಒಲೆ ಆರಿದೆ. ಗ್ಯಾಸ್ ಬರುತ್ತಲೇ ಇದೆ. ನಾನು ಅಲ್ಲೇ ಕಟ್ಟೆ ಪಕ್ಕ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದೇನೆ, ಗೊತ್ತೇ ಆಗಲಿಲ್ಲ. ಮೇಲಿನ ಮನೆಯವರು ಇಳಿದು ಬಂದು ಬಾಗಿಲು ಬಡಿದರು. ಬೆಲ್ ಒತ್ತಲಿಲ್ಲ, ಪುಣ್ಯ, ಕಿಡಿ ಹೊಡೆದಿದ್ದರೆ? ಆ ದಿನದಿಂದ ಅಡುಗೆ ಮುಗಿದ ತಕ್ಷಣ ಸಿಲಿಂಡರಿನ ರೆಗ್ಯುಲೇಟರ್ ಆಫ್. ಹಾಲು ಕಾಯಿಸುವಾಗ ಒಲೆ ಬಿಟ್ಟು ಕದಲಲ್ಲ. ವಾಸನೆ ಹೋದವರ ಮನೆಯಲ್ಲಿ ಗ್ಯಾಸ್ ಅಲಾರ್ಮ್ ಹಾಕಿಸಿ ಅಂತ ಕಿವಿ ಮೂಗು ಗಂಟಲಿನ ಡಾಕ್ಟರ್ ಹೇಳಿದರು. ಹಳಸಿದ ಸಾರೂ ಗೊತ್ತಾಗಲ್ಲ, ಫ್ರಿಜ್ಜಿನ ಡಬ್ಬಿಗಳ ಮೇಲೆ ವಾರ ಬರೆಯುವ ಅಭ್ಯಾಸ ಅಲ್ಲಿಂದ ಬಂತು.

ಮೂಗಿಗೆ ವ್ಯಾಯಾಮ ಅಂತ ಕೊಟ್ಟರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕು. ಬೆಳಿಗ್ಗೆ ಸಂಜೆ ಒಂದೊಂದನ್ನೂ ಸ್ವಲ್ಪ ಹೊತ್ತು ಮೂಸಬೇಕು, ಮೂಸುವಾಗ ಅದರ ವಾಸನೆ ಹೇಗಿತ್ತು ಅಂತ ನೆನೆಸಿಕೊಳ್ಳಬೇಕು. ತಿಂಗಳುಗಟ್ಟಲೆ ಮಾಡಿದೆ. ನಿಂಬೆ ಮೊದಲು ಬಂತು. ಕಾಫಿ ಬಂತು, ಆದರೆ ಸುಟ್ಟ ರಬ್ಬರ್ ವಾಸನೆಯ ಜೊತೆಗೆ. ಇವತ್ತಿಗೂ ಈರುಳ್ಳಿ ಹುರಿದರೆ ನನಗೆ ಹೊಟ್ಟೆ ತೊಳಸುತ್ತದೆ. ಅತ್ತೆ ಮನೆಯ ಕಡೆ ಇನ್ನೂ "ಅವಳಿಗೆ ನಾಟಕ" ಅಂತಲೇ ಮಾತು.

ಹಳೇ ಪೇಟೆಯವರು:

ಈ ಊರಿಗೆ ಮುಚ್ಚಿದ ಮನೆಯ ಪಾಠ ಮೊದಲ ಸಲ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಒತ್ತೊತ್ತು ಬೀದಿಗಳಲ್ಲಿ ಹೆಚ್ಚು ಜನ ಸತ್ತರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಯೋಚನೆ ಮೊದಲೇ ಇತ್ತು, ಪ್ಲೇಗಿನ ಮೇಲೆ ಅಲ್ಲಿಗೆ ಜನ ಹೋಗಿ ನೆಲೆಸುವುದು ಜೋರಾಯಿತು. ಅಗಲ ರಸ್ತೆ, ಮನೆ ಸುತ್ತ ಜಾಗ, ಹಿಂದೆ ಕಸ, ಮಲ ಸಾಗಿಸುವ ಕನ್ಸರ್ವೆನ್ಸಿ ಗಲ್ಲಿ, ಎಲ್ಲ ಗಾಳಿ ಬೆಳಕಿನ ಲೆಕ್ಕವೇ. ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆದದ್ದು 1900ರಲ್ಲಿ. 2020ರಲ್ಲಿ ಕೊರೋನಾಗೆ ಅಂತಲೇ ಮೀಸಲಿಟ್ಟದ್ದೂ ಅದನ್ನೇ.

ಈಗ ಅದೇ ಬಸವನಗುಡಿಯಲ್ಲಿ ಒಂದು ಬಂಗಲೆ ಕೆಡವಿ ಎಂಟು ಫ್ಲಾಟ್. ಪಕ್ಕದ ಮನೆಯವರು ಸೀನಿದರೆ ನಮ್ಮ ಅಡುಗೆಮನೆಯಲ್ಲಿ ಕೇಳುತ್ತದೆ.

ಸುಮ್ನೆ ಭಯ:

ಇತಿಹಾಸ ಚೆನ್ನಾಗಿದೆ ಸಾರ್. ಒಂದು ಪ್ರಶ್ನೆ ಕೇಳಲಾ, ಸೀರಿಯಸ್ಸಾಗಿ. ನಮ್ಮಪ್ಪನಿಗೆ ಕೊರೋನಾ ಬಂದು ಹೋದ ಮೇಲೆ ಒಂದು ಮಹಡಿ ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ ಅನ್ನುತ್ತಾರೆ. ವಯಸ್ಸು ಅಂತ ಬಿಟ್ಟಿದ್ದೆವು. ಇದಕ್ಕೂ ಅದಕ್ಕೂ ಸಂಬಂಧ ಇರುತ್ತಾ?

ನೈಟ್ ಡ್ಯೂಟಿ ಸಿಸ್ಟರ್:

ಇರಬಹುದು ಸಾರ್. ಕೊರೋನಾ ಆದ ಮೇಲೆ ತಿಂಗಳು, ವರ್ಷಗಟ್ಟಲೆ ಸುಸ್ತು, ಎದೆಬಡಿತ, ಮರೆವು ಉಳಿದವರು ಇದ್ದಾರೆ. ಆದರೆ ಇದನ್ನು ಇಲ್ಲಿ ಕೇಳಿ ಸುಮ್ಮನಾಗಬೇಡಿ. ರಕ್ತಹೀನತೆ, ಥೈರಾಯ್ಡ್, ಹಾರ್ಟ್ ಯಾವುದು ಬೇಕಾದರೂ ಇರಬಹುದು. ಈಸಿಜಿ, ಒಂದು ರಕ್ತ ಪರೀಕ್ಷೆ ಮಾಡಿಸಿ. ಇದೇ ವಾರ.

ಸುಮ್ನೆ ಭಯ:

ಆಯ್ತು.

ಯಶವಂತಪುರ:

ತುಂಬಾ ದಿನದಿಂದ ಓದುತ್ತಿದ್ದೆ, ಬರೆಯಲೋ ಬೇಡವೋ ಅಂತ. ನಮ್ಮ ತಂದೆ ಹೋದರು, 2021ರ ಏಪ್ರಿಲ್ ಕೊನೆ. ಪಾಳಿ, ಕಿಟಕಿ, ಬರೆಯೋದು ಎಲ್ಲ ಮಾಡಿದ್ದೆವು. ಚೀಟಿ ಇನ್ನೂ ಇದೆ, ಅಕ್ಕನ ಅಕ್ಷರದಲ್ಲಿ. ಬೆಡ್ ಸಿಕ್ಕಿತ್ತು, ಆಕ್ಸಿಜನ್ನೂ ಇತ್ತು.

ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳ ಸಾಲು. ನಮ್ಮ ಮುಂದಿನ ಗಾಡಿಯ ಡ್ರೈವರ್ ಬಾಗಿಲು ತೆಗೆದು ಇಡ್ಲಿ ತಿನ್ನುತ್ತಿದ್ದ. ನಮಗೂ ಒಂದು ಪೊಟ್ಟಣ ಕೊಟ್ಟ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ತಿಂದೆವು. ಅಪ್ಪನ ಮುಖ ನೋಡಲು ಬಿಡಲಿಲ್ಲ. ಹೆಸರು ಬರೆದ ಟೇಪ್ ನೋಡಿ ಇವರೇ ಅಂತ ಒಪ್ಪಿಕೊಂಡೆವು.

ಇದನ್ನು ಬರೆದಿದ್ದು ಯಾಕೆಂದರೆ, ಮೇಲೆ ಎಲ್ಲರೂ ಹೀಗೆ ಮಾಡಿದ್ದರಿಂದ ಉಳಿದೆವು ಅನ್ನುವಾಗ, ಉಳಿಯದವರು ಏನೋ ಮಾಡಲಿಲ್ಲ ಅಂತ ಓದಿಸಿಕೊಳ್ಳುತ್ತದೆ. ಹಾಗಲ್ಲ.

ಶ್ರೀನಗರದ ಸೊಸೆ:

ನೀವು ಹೇಳಿದ್ದು ಸರಿ. ಮೊದಲ ಪೋಸ್ಟಿನ ಮೇಲೆ ನಿಮ್ಮ ಮಾತನ್ನೇ ಹಾಕುತ್ತೇನೆ, ಒಪ್ಪಿಗೆ ಇದ್ದರೆ.

ಯಶವಂತಪುರ:

ಹಾಕಿ.

ವಠಾರದ ಹುಡುಗ:

ಸಿಸ್ಟರ್, ಒಂದು ಚಿಕ್ಕ ಡೌಟು. 2021ರ ಎನ್95 ಮಾಸ್ಕ್ ಒಂದು ಡಬ್ಬ ಹಾಗೇ ಇದೆ. ಹಾಕಬಹುದಾ? ಕೆಲವಕ್ಕೆ ಮುಂದೆ ಗುಂಡಿ ತರದ ವಾಲ್ವ್ ಇದೆ.

ನೈಟ್ ಡ್ಯೂಟಿ ಸಿಸ್ಟರ್:

ಎಲಾಸ್ಟಿಕ್ ಎಳೆದು ನೋಡಿ. ಸಡಿಲವಾಗಿದ್ದರೆ, ಮೂಗಿನ ಮೇಲಿನ ಸ್ಪಂಜ್ ಪುಡಿಯಾಗಿದ್ದರೆ ಎಸೆಯಿರಿ. ಕೆನ್ನೆ ಪಕ್ಕದಿಂದ ಗಾಳಿ ಬಂದರೆ ಎನ್95 ಅನ್ನುವ ಹೆಸರಿಗೆ ಅರ್ಥ ಇಲ್ಲ. ವಾಲ್ವ್ ಇರೋದು ನೀವು ಬಿಡುವ ಉಸಿರನ್ನು ಸೋಸದೆ ಹೊರಗೆ ಬಿಡುತ್ತದೆ. ಹುಷಾರಿಲ್ಲದವರಿಗೆ ಅದು ಸರಿಯಲ್ಲ, ಗಾರೆ ಕೆಲಸದ ಧೂಳಿಗೆ ಇಟ್ಟುಕೊಳ್ಳಿ.

ಕುಮಾರಸ್ವಾಮಿ ಲೇಔಟ್:

ನಮ್ಮ ಪಕ್ಕದ ಮನೆಯಲ್ಲಿ 5 ಲೀಟರ್ ಕಾನ್ಸಂಟ್ರೇಟರ್ ಮಂಚದ ಕೆಳಗೆ ಬಿದ್ದಿದೆ. ಆಗ ಯಾರೋ ದಾನಿಗಳು ಕೊಟ್ಟು ಹೋಗಿದ್ದು, ವಾಪಸ್ ತಗೊಳ್ಳೋಕೆ ಬರಲೇ ಇಲ್ಲ. ಯಾರಿಗಾದರೂ ಬೇಕಾ? ಕೆಲಸ ಮಾಡುತ್ತಾ ಅಂತ ಹೇಗೆ ನೋಡೋದು?

ಪೀಣ್ಯ ಎಂಜಿನಿಯರ್:

ಭಾನುವಾರ ನಾನೇ ಬರುತ್ತೇನೆ. ಅಳೆಯುವ ಮೀಟರ್ ನನ್ನ ಹತ್ತಿರ ಇದೆ, ಆಕ್ಸಿಜನ್ 90ರ ಆಸುಪಾಸು ತೋರಿಸಿದರೆ ಸರಿ ಇದೆ ಅಂತ. ಅಲ್ಲಿವರೆಗೆ ಹಿಂದಿನ ಫಿಲ್ಟರ್ ಸ್ಪಂಜ್ ತೆಗೆದು ತೊಳೆದು ಪೂರ್ತಿ ಒಣಗಿಸಿಡಿ. ಹಳೇ ಟ್ಯೂಬ್ ಎಸೆಯಿರಿ, ಹೊಸದು ನಾನು ತರುತ್ತೇನೆ.

ಆಟೋ ಅಣ್ಣ:

ಆ ಮಷೀನ್ ಎಲ್ಲಿಗೆ ಸಾಗಿಸಬೇಕಾದರೂ ಹೇಳಿ. ದುಡ್ಡು ಬೇಡ.